ಬಿಚ್ಚುವ ವಿದ್ಯೆ

ಕಟ್ಟುವುದರ ಕಷ್ಟವನ್ನೂ ಒಡೆಯುವುದರ ಸುಲಭವನ್ನೂ ಕುರಿತು ನಮ್ಮಲ್ಲಿ ಗಾದೆಗಳಿಗೆ ಬರವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತೊಂದೇ ಸಾಕು. ಆದರೆ ಇವೆರಡರ ನಡುವೆ ಮೂರನೆಯ ಕೆಲಸವೊಂದುಂಟು. ಅದನ್ನು ಗಾದೆ ಕಟ್ಟಿದವರು ಏಕೋ ಗಮನಿಸಲಿಲ್ಲ. ಕಟ್ಟಿದ್ದನ್ನು ಒಡೆಯದೆ ಬಿಚ್ಚುವುದೇ ಆ ಕೆಲಸ. ದಾರಕ್ಕೆ ಬಿದ್ದ ಕಗ್ಗಂಟು, ಊದಿದ ಬೆರಳಿನಲ್ಲಿ ಸಿಕ್ಕಿಕೊಂಡ ಉಂಗುರ, ಮುಚ್ಚಳ ಕಚ್ಚಿಕೊಂಡ ಉಪ್ಪಿನಕಾಯಿಯ ಜಾಡಿ, ಅಣ್ಣತಮ್ಮಂದಿರ ಪಾಲುಪತ್ತಿ, ಇವೆಲ್ಲ ಆ ಜಾತಿಯ ಕೆಲಸಗಳು. ಇವುಗಳಿಗೆ ಒಡೆಯುವವನ ಬಲವೂ ಬೇಕು, ಕಟ್ಟುವವನ ಹದವೂ ಬೇಕು. ಬೇರೆಯಾದ ಮೇಲೆ ಎರಡು ಭಾಗಗಳೂ ಮತ್ತೆ ಬಳಕೆಗೆ ಬರಬೇಕು. ಬೆರಳನ್ನು ಕತ್ತರಿಸಿ ಉಂಗುರವನ್ನು ಉಳಿಸಿದೆನೆಂದು ಯಾವ ಅಕ್ಕಸಾಲಿಯೂ ಹೆಮ್ಮೆಪಡಲಾರ.

ಹೀಗೆ ಕಚ್ಚಿಕೊಂಡ ವಸ್ತುವಿನ ಮೇಲೆ ಎಷ್ಟು ಬಲವನ್ನು ಪ್ರಯೋಗಿಸುವುದು ನ್ಯಾಯ? ಕಬ್ಬಿಣಕ್ಕೇನು ನ್ಯಾಯ, ಅನ್ಯಾಯ ಎಂದು ವಾಚಕರು ನಗಬಹುದು. ಕಬ್ಬಿಣಕ್ಕೆ ನೋವಿಲ್ಲವೆಂಬುದೇನೋ ನಿಜ. ಆದರೆ ಕಬ್ಬಿಣವನ್ನು ನಂಬಿ ಕುಳಿತವರಿಗೆ ನೋವಿದೆ. ಈ ಪ್ರಶ್ನೆ ನನಗೆ ಎದುರಾದದ್ದು ವೇದಾಂತದ ಪುಸ್ತಕದಲ್ಲಲ್ಲ. ತಗಡೂರಿನಲ್ಲಿ, ರಸ್ತೆಯ ಬದಿಯ ಒಂದು ತಗಡಿನ ಮಾಡಿನ ಕೆಳಗೆ, ಒಂದು ಮುದಿ ಲಾರಿಯ ಹೊಟ್ಟೆಯಡಿ.

ತಗಡೂರು ನಂಜನಗೂಡು ತಾಲ್ಲೂಕಿನ ಊರು. ಸ್ವಾತಂತ್ರ್ಯದ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರ ಹೆಸರಿನೊಡನೆ ನಾಡಿನವರ ಕಿವಿಗೆ ಬಿದ್ದಿರುವ ಊರು. ಖಾದಿ ಎಂದರೆ ಹಳೆಯ ಮೈಸೂರಿನ ಮಂದಿಗೆ ಬದನವಾಳು, ತಗಡೂರು ಎರಡೂ ಒಟ್ಟಿಗೆ ನೆನಪಾಗುತ್ತವೆ. ನನ್ನ ಭಾವನವರಿಗೆ ಆ ಕಡೆ ಸ್ವಲ್ಪ ಗದ್ದೆಯಿದೆ. ಅದನ್ನು ಮೀರಿದ ಒಂದು ಲಾರಿಯೂ ಇದೆ. ಜಪಾನಿನ ನಿಸ್ಸಾನ್ ಕಂಪನಿಯ ಪರವಾನಗಿ ಪಡೆದು ಜಬಲ್ಪುರದಲ್ಲಿ ನಮ್ಮ ಸೈನ್ಯಕ್ಕಾಗಿ ತಯಾರಿಸುತ್ತಿದ್ದ ಒಂದು ಟನ್ನಿನ ಗಾಡಿ ಅದು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಶಕ್ತಿ ಹರಿಯುತ್ತದೆ. ಸೈನ್ಯದ ಕೆಲಸದಿಂದ ನಿವೃತ್ತವಾಗಿ, ಹರಾಜಿನಲ್ಲಿ ಕೈಯಿಂದ ಕೈಗೆ ದಾಟಿ, ಕೊನೆಗೆ ಭಾವನವರ ಅಂಗಳದಲ್ಲಿ ಬಂದು ನಿಂತಿತು. ಮಳೆಗಾಲದಲ್ಲಿ ಬೇರೆ ಗಾಡಿಗಳು ಹೂತುಕೊಳ್ಳುವ ಕೆಸರಿನಲ್ಲಿ ಇದು ಎಮ್ಮೆಯಂತೆ ನಿಶ್ಚಿಂತೆಯಿಂದ ನಡೆಯುತ್ತದೆ. ಅದಕ್ಕಾಗಿಯೇ ಭಾವನವರಿಗೆ ಅದರ ಮೇಲೆ ಮಮತೆ. ಅಕ್ಕನಿಗೆ ಅದಕ್ಕಾಗಿಯೇ ಸಿಟ್ಟು.

ಆ ನಾಟಿಯ ಕಾಲದಲ್ಲಿ ಅದರ ಸ್ಟೇರಿಂಗ್ ಪೆಟ್ಟಿಗೆಯಿಂದ ಎಣ್ಣೆ ಸೋರತೊಡಗಿತ್ತು. ಕೈಯ ಚಕ್ರ ಅರ್ಧ ಗೇಣು ಸುಮ್ಮನೆ ತಿರುಗಿದ ಮೇಲೆ ಮುಂದಿನ ಗಾಲಿ ಹೊರಳುತ್ತಿತ್ತು. ಪೆಟ್ಟಿಗೆಯೊಳಗಿನ ಬುಷ್ಷನ್ನೂ ಎಣ್ಣೆಯ ಸೀಲನ್ನೂ ಬದಲಿಸಬೇಕಾದರೆ, ಪೆಟ್ಟಿಗೆಯಿಂದ ಕೆಳಗಿಳಿದು ಗಾಲಿಗಳನ್ನು ಆಚೀಚೆ ತಳ್ಳುವ ಉಕ್ಕಿನ ತೋಳನ್ನು ಮೊದಲು ಕಳಚಬೇಕು. ಗ್ಯಾರೇಜಿನವರು ಅದನ್ನು ಡ್ರಾಪ್ ಆರ್ಮ್ ಎನ್ನುತ್ತಾರೆ. ಮೊಳದಷ್ಟೂ ಉದ್ದವಿಲ್ಲದ ತುಂಡು. ಡ್ರೈವರನ ಕೈಯೊಳಗಿನ ಇಚ್ಛೆ ರಸ್ತೆಗೆ ಇಳಿಯುವುದು ಈ ಒಂದು ತುಂಡಿನ ಮೂಲಕವೇ. ಬ್ರೇಕು ಕೆಟ್ಟರೆ ಗೇರಿನಲ್ಲಿ ಹಿಡಿಯಬಹುದು, ದೀಪ ಕೆಟ್ಟರೆ ನಿಧಾನವಾಗಿ ಹೋಗಬಹುದು. ಇದು ಮುರಿದರೆ ಕೈಯಲ್ಲಿ ಚಕ್ರವಿರುತ್ತದೆ, ಗಾಡಿ ಮಾತ್ರ ತನಗೆ ತೋಚಿದ ಕಡೆ ಹೋಗುತ್ತದೆ.

ಇದು ಹಿಡಿದುಕೊಳ್ಳುವ ಬಗೆಯೇ ಒಂದು ಸೋಜಿಗ. ಪೆಟ್ಟಿಗೆಯಿಂದ ಹೊರಬರುವ ದಂಡದ ಕೊನೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಸುತ್ತಲೂ ಸಣ್ಣ ಹಲ್ಲುಗಳು. ತೋಳಿನ ಕಣ್ಣಿನಲ್ಲಿಯೂ ಅದಕ್ಕೆ ಸರಿಯಾಗಿ ಇಳಿಜಾರಾದ ತೂತು, ಹಲ್ಲುಗಳು. ತುದಿಯ ನಟ್ಟನ್ನು ಬಿಗಿದಂತೆಲ್ಲ ತೋಳು ದಪ್ಪಗಿರುವ ಕಡೆಗೆ ಏರುತ್ತದೆ, ಏರಿದಂತೆಲ್ಲ ಕಚ್ಚುತ್ತದೆ. ಅಂಟಿಲ್ಲ, ಬೆಸುಗೆಯಿಲ್ಲ. ಬಿಗಿದ ನಟ್ಟನ್ನು ಅನೇಕ ವರ್ಷಗಳ ಮೇಲೆ ತೆಗೆದರೂ ತೋಳು ಕದಲುವುದಿಲ್ಲ. ಸಾಲದುದಕ್ಕೆ ನಡುವೆ ತುಕ್ಕು ಸೇರಿರುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ತುಕ್ಕಿಗೆ ಬೇಕು. ಹೀಗಾಗಿ ಹಾಳಾಗುತ್ತಲೇ ಅದು ಹಿಡಿತವನ್ನು ಬಿಗಿಮಾಡುತ್ತದೆ. ಕೆಲವು ಮನೆತನಗಳ ವ್ಯಾಜ್ಯಗಳೂ ಹೀಗೆಯೇ ಎಂದು ಹೇಳಬಹುದಾಗಿತ್ತು, ಅದಿರಲಿ.

ಮೇಸ್ತ್ರಿ ನಲವತ್ತು ದಾಟಿದ ಸಣಕಲು ಆಳು. ಕಮ್ಮಾರರ ಮನೆಯವನು. ಬೆಳಿಗ್ಗೆ ನಟ್ಟನ್ನು ಸಡಿಲಿಸಿದ. ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿದ. ಬಿಗಿತ ಒಮ್ಮೆಲೆ ಬಿಟ್ಟರೆ ತೋಳು ಹಾರಿ ಕಾಲಿನ ಮೇಲೆ ಬೀಳದಿರಲೆಂದು. ತೋಳಿನ ಮೇಲೂ ದಂಡದ ಮೇಲೂ ಉಳಿಯಿಂದ ಒಂದೊಂದು ಚುಕ್ಕೆ ಹೊಡೆದ. ಮತ್ತೆ ಕೂಡಿಸುವಾಗ ಅದೇ ಹಲ್ಲಿಗೆ ಅದೇ ಹಲ್ಲು ಬರಬೇಕು. ಆಮೇಲೆ ಪುಲ್ಲರಿನ ಕೊಕ್ಕೆಗಳನ್ನು ಹಿಂದಿನಿಂದ ಕೊಟ್ಟು ನಡುವಿನ ತಿರುಪನ್ನು ಬಿಗಿಯುತ್ತ ಹೋದ. ಮಧ್ಯಾಹ್ನವಾದರೂ ತೋಳು ಕದಲಲಿಲ್ಲ. ಇನ್ನು ಬಿಗಿದರೆ ತೋಳಿಗಿಂತ ಮೊದಲು ಪುಲ್ಲರೇ ಸೀಳುತ್ತದೆ ಎನ್ನುವ ಹಂತ ಬಂತು.

ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ. ಗ್ಯಾಸಿನ ಸಿಲಿಂಡರು ಕಣ್ಣಿಗೆ ಕಾಣುತ್ತಿತ್ತು. ಭಾವನವರು ಅದನ್ನೇ ತೋರಿಸಿ, “ಅದಕ್ಯಾಕೆ ಇಷ್ಟು ಒದ್ದಾಟ? ಕೆಂಪಗೆ ಕಾಸಿ ಎರಡು ಏಟು ಕೊಟ್ಟರೆ ಐದು ನಿಮಿಷದ ಕೆಲಸ” ಎಂದರು.

“ಬರ್ತದೆ ಯಜಮಾನ್ರೇ, ಅದ್ರೆ ಕಾಸಬಾರದು” ಎಂದ ಮೇಸ್ತ್ರಿ. “ನಮ್ಮಪ್ಪ ಎತ್ತಿನ ಗಾಡಿ ಚಕ್ರಕ್ಕೆ ಪಟ್ಟಿ ಕಾಸಿ ಹಾಕೋನು. ಆ ಕಬ್ಣ ಬೇರೆ, ಈ ಕಬ್ಣ ಬೇರೆ. ಅದು ಬೆಂಕಿ ಹೇಳ್ದಂಗೆ ಕೇಳ್ತದೆ. ಇದು ಬೆಂಕೀನ ಮನಸ್ನಲ್ಲಿ ಮಡಿಕತದೆ.”

ಈ ಮಾತಿಗೆ ಸ್ವಲ್ಪ ವಿವರಣೆ ಬೇಕು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಬಾಲ್ಯದಲ್ಲಿ ಕಂಡವರು ಇನ್ನೂ ಇದ್ದಾರೆ. ಬೆರಣಿಯ ಬೆಂಕಿಯಲ್ಲಿ ಪಟ್ಟಿ ಕಾದು ಹಿಗ್ಗುತ್ತದೆ. ಇಕ್ಕುಳದಲ್ಲಿ ಎತ್ತಿ ಮರದ ಚಕ್ರದ ಮೇಲೆ ಕೂಡಿಸಿ ನೀರು ಹೊಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಅಲ್ಲಿ ಬೆಂಕಿಯೇ ಗುರು. ಆದರೆ ಸ್ಟೇರಿಂಗಿನ ತೋಳು ಬಡಿದು ರೂಪಿಸಿದ ಉಕ್ಕು. ಕಾರ್ಖಾನೆಯಲ್ಲಿ ಅದನ್ನು ಕಾಸಿ, ತಣಿಸಿ, ಮತ್ತೆ ಹದವಾಗಿ ಕಾಸಿ, ಗಡಸುತನಕ್ಕೂ ಬಾಗುವ ಗುಣಕ್ಕೂ ಒಂದು ಒಪ್ಪಂದ ಮಾಡಿಸಿರುತ್ತಾರೆ. ಉಕ್ಕು ಮಬ್ಬುಗೆಂಪಾಗಿ ಕಾಣಬೇಕಾದರೆ ಸುಮಾರು 500 ಡಿಗ್ರಿಗೂ ಮೇಲೆ ಕಾದಿರಬೇಕು. ಇನ್ನೂ ಮೇಲೇರಿ ಚೆನ್ನಾಗಿ ಕೆಂಪಾಯಿತೆಂದರೆ ಆ ಒಪ್ಪಂದ ಮುರಿಯುತ್ತದೆ. ನಿಧಾನವಾಗಿ ತಣಿದರೆ ಮೆತ್ತಗಾಗುತ್ತದೆ. ಅವಸರಕ್ಕೆ ನೀರು ಹೊಯ್ದರೆ ಗಾಜಿನ ಸ್ವಭಾವ ಬರುತ್ತದೆ. ಕೈಗೆ ತಾಳದ ಮಟ್ಟಿನ ಬಿಸಿಯಿಂದ ತೊಂದರೆಯಿಲ್ಲ. ಆದರೆ ಗ್ಯಾಸಿನ ಜ್ವಾಲೆಯನ್ನು ಹಿಡಿದವನಿಗೆ ಅಷ್ಟಕ್ಕೆ ನಿಲ್ಲುವ ವ್ಯವಧಾನವಿರುವುದು ಅಪೂರ್ವ.

ಇದರಲ್ಲಿ ಮುಖ್ಯವಾದ ಸಂಗತಿ ಇನ್ನೊಂದು. ಕೆಟ್ಟ ಮೇಲೆ ಅದು ಕೆಟ್ಟಂತೆ ಕಾಣುವುದಿಲ್ಲ. ಬಿರುಕಾಗಿದ್ದರೆ ಕಂಡುಹಿಡಿಯಲು ಹಳೆಯ ಉಪಾಯವೊಂದುಂಟು. ತುಂಡನ್ನು ಸೀಮೆಯೆಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರಸಿ, ಸೀಮೆಸುಣ್ಣದ ಪುಡಿ ಬಳಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಹೊರಗೆ ಇಣುಕಿ ಕಪ್ಪು ಗೆರೆಯಾಗಿ ಕಾಣುತ್ತದೆ. ಮೆತ್ತಗಾದ ಉಕ್ಕು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಮೇಲೆ ಒಂದು ಕೈ ಕಪ್ಪು ಬಣ್ಣ ಹೊಡೆದರೆ ಕಾಸಿದ ಕಲೆಯೂ ಮುಚ್ಚಿಹೋಗುತ್ತದೆ. ಸರಕಿನ ಗಾಡಿಗಳಿಗೆ ಯೋಗ್ಯತಾ ಪತ್ರ ಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಆ ಪರೀಕ್ಷೆಗೆ ಬರುವವರ ಕಣ್ಣಿಗೆ ದೀಪ ಕಾಣುತ್ತದೆ, ಟೈರು ಕಾಣುತ್ತದೆ, ಬಣ್ಣವೂ ಕಾಣುತ್ತದೆ. ಉಕ್ಕಿನ ಮನಸ್ಸಿನಲ್ಲಿ ಏನಿದೆಯೆಂದು ಯಾವ ಇನ್ಸ್‌ಪೆಕ್ಟರು ನೋಡಿಯಾನು? ನಾಲ್ಕು ಸಾವಿರ ವರ್ಷಗಳಿಗೆ ಸಮೀಪದ ಹಿಂದೆ ಬಾಬಿಲೋನಿಯದ ದೊರೆ ಹಮ್ಮುರಬಿ ಒಂದು ಶಾಸನ ಮಾಡಿದ್ದ. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೂ ಮರಣದಂಡನೆ. ಕ್ರೂರವಾದ ಕಾನೂನು. ಆದರೂ ಅದಕ್ಕೆ ಕಟ್ಟಿದವನಾರೆಂದು ಗೊತ್ತಿರಬೇಕು. ಹತ್ತು ಕೈ ದಾಟಿದ ಲಾರಿಯ ತೋಳನ್ನು ಯಾವಾಗ, ಯಾರು ಕಾಸಿದರೆಂದು ಅಪಘಾತದ ಮರುದಿನ ಹೇಳುವವರಾರು?

ಅಂದು ಮಾಡಿನ ಕೆಳಗೆ ಕುಳಿತಿದ್ದಾಗ ನನಗೆ ಅದೇ ಊರಿನ ಚರಕದ ನೆನಪಾಯಿತು. ನೂಲುವವಳ ಕದಿರು ಕೂದಲೆಳೆಯಷ್ಟು ಬಾಗಿದರೂ ಸಾಕು, ನಡುಗುತ್ತದೆ, ದಾರ ಕಡಿಯುತ್ತದೆ. ಕಡಿಯುವುದು ಅವಳ ಕೈಯಲ್ಲೇ, ಆ ಕ್ಷಣದಲ್ಲೇ. ತಪ್ಪು ಮಾಡಿದವರಿಗೇ ತಪ್ಪು ಒಡನೆ ಕಾಣುವ ಯಂತ್ರ ಅದು. ಗಾಂಧೀಜಿ 1924ರಲ್ಲಿ ಯಂತ್ರಗಳ ವಿಷಯವಾಗಿ ಮಾತನಾಡುತ್ತ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟದ್ದು ಅನೇಕರಿಗೆ ಗೊತ್ತು. ಬಾಗಿದ ಕದಿರನ್ನು ನೆಟ್ಟಗೆ ಮಾಡುವ ಯಂತ್ರವೊಂದು ಬಂದರೆ ಅದನ್ನೂ ಸ್ವಾಗತಿಸುವೆನೆಂದು ಅದೇ ಸಂಭಾಷಣೆಯಲ್ಲಿ ಹೇಳಿದ್ದರೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಅವರಿಗೆ ಯಂತ್ರದ ಮೇಲಿದ್ದ ಸಂದೇಹಕ್ಕೆ ಕಾರಣಗಳು ಹಲವು. ನನಗೆ ತೋರುವ ಕಾರಣವೊಂದನ್ನು ಅವುಗಳ ಜೊತೆಗೆ ಇಡಬಹುದಾದರೆ, ಅದು ಇದು: ದೊಡ್ಡ ಯಂತ್ರದಲ್ಲಿ ತಪ್ಪು ಮಾಡುವವನು ಒಬ್ಬ, ಅದನ್ನು ಅನುಭವಿಸುವವನು ಇನ್ನೊಬ್ಬ. ಇಬ್ಬರ ನಡುವೆ ವರ್ಷಗಳೂ ಮೈಲಿಗಳೂ ಹರಡಿಕೊಂಡಿರುತ್ತವೆ. ಚರಕದಲ್ಲಿ ಪ್ರಾಮಾಣಿಕತೆ ಅಷ್ಟೇನೂ ದೊಡ್ಡ ಸಾಧನೆಯಲ್ಲ, ದಾರವೇ ಅದನ್ನು ಕಲಿಸುತ್ತದೆ. ಲಾರಿಯ ಕೆಳಗೆ ಮಲಗಿದವನಿಗೆ ಕಲಿಸುವವರು ಯಾರೂ ಇಲ್ಲ. ಅಲ್ಲಿ ಅವನಿಗೆ ಬೇಕಾದ ನೀತಿ ನೂಲುವವಳ ನೀತಿಗಿಂತ ಹೆಚ್ಚಿನದು. ಖಾದಿಯನ್ನು ಗೌರವಿಸುವ ನಾವು ಗ್ರೀಸು ಮೆತ್ತಿದ ಕೈಗೆ ಆ ಗೌರವವನ್ನು ಕೊಡುವುದು ವಾಡಿಕೆಯಲ್ಲ.

ಗುರಿ ಒಳ್ಳೆಯದಾದರೆ ದಾರಿ ಹೇಗಿದ್ದರೇನು ಎಂಬ ವಾದಕ್ಕೆ ಅವರು 1909ರ ‘ಹಿಂದ್ ಸ್ವರಾಜ್’ನಲ್ಲಿಯೇ ಉತ್ತರ ಕೊಟ್ಟಿದ್ದರು. ಅಲ್ಲಿ ದಾರಿಗೂ ಗುರಿಗೂ ಇರುವ ನಂಟು ಬೀಜಕ್ಕೂ ಮರಕ್ಕೂ ಇರುವ ನಂಟು. ಹಿಂದೆ ಅದನ್ನು ಓದಿದಾಗ ರಾಜಕಾರಣದ ಮಾತಾಗಿ ಓದಿದ್ದೆ. ಡ್ರಾಪ್ ಆರ್ಮಿನ ಮುಂದೆ ಅದು ಲೋಹಶಾಸ್ತ್ರದ ಮಾತೂ ಆಗುತ್ತದೆ. ಕಾಸಿ ಬಿಡಿಸಿದ ತೋಳಿನೊಳಗೆ ಬಿಡಿಸಿದ ದಾರಿ ಶಾಶ್ವತವಾಗಿ ಉಳಿದುಬಿಡುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಬರಹ ಸುಲಭವಾಗುತ್ತಿತ್ತು. ತಾಳ್ಮೆಯ ಮೇಸ್ತ್ರಿ ಒಂದು ಕಡೆ, ಅವಸರದ ಯಜಮಾನ ಇನ್ನೊಂದು ಕಡೆ. ಆದರೆ ಮರದ ನೆರಳಿನಲ್ಲಿ ಹನ್ನೊಂದು ಮಂದಿ ಹೆಣ್ಣಾಳುಗಳು ಕುಳಿತಿದ್ದರು. ಅದೇ ಲಾರಿ ಅವರನ್ನು ನಾಟಿಗೆ ಒಯ್ಯಬೇಕಾಗಿತ್ತು. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ಒಪ್ಪಿತವಲ್ಲ. ಆ ಕಾನೂನು ನಮ್ಮ ಹಳ್ಳಿಯ ದಾರಿಗಳಲ್ಲಿ ಎಷ್ಟು ದೂರ ನಡೆದುಬರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಒಟ್ಲಿನಲ್ಲಿ ಪೈರು ಬಲಿಯುತ್ತಿತ್ತು. ಬೇರೆ ಗಾಡಿ ಆ ಕೆಸರಿನಲ್ಲಿ ಹೋಗುವಂತಿರಲಿಲ್ಲ. ಭಾವನವರ ಅವಸರ ಬರಿಯ ದುರಾಸೆಯಲ್ಲ. ಮೇಸ್ತ್ರಿ ಡೀಸೆಲ್ಲಿನಲ್ಲಿ ನೆನೆಸಿದ ಬಟ್ಟೆಯನ್ನು ತೋಳಿನ ಕಣ್ಣಿಗೆ ಸುತ್ತಿ, “ರಾತ್ರಿಯೆಲ್ಲ ಕುಡೀಲಿ” ಎಂದು ಎದ್ದಾಗ, ಆ ಗುಂಪಿನ ಹಿರಿಯಳೊಬ್ಬಳು ಹತ್ತಿರ ಬಂದು, “ನಿಮ್ ಗಾಡಿ ನಿಂತರೆ ನಮ್ ಒಲೇನೂ ನಿಂತ್ಕತದೆ ಕನಪ್ಪ” ಎಂದಳು. ಮೇಸ್ತ್ರಿ ತಲೆ ತಗ್ಗಿಸಿದ. ಅವನಲ್ಲಿ ಉತ್ತರವಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಕಾಸದಿದ್ದರೆ ಹನ್ನೊಂದು ಮನೆಗಳ ಆ ದಿನದ ಕೂಲಿ ನಷ್ಟ, ಇದು ನಿಶ್ಚಿತ. ಕಾಸಿದರೆ ಎಂದೋ ಒಂದು ದಿನ ಸೇತುವೆಯ ಮೇಲೆ ತೋಳು ಮುರಿಯಬಹುದು. ಮುರಿಯದೆಯೂ ಇರಬಹುದು. ಕಾಸಿದ ತೋಳುಗಳಿಂದಲೇ ಓಡಿ ಓಡಿ ಗುಜರಿಗೆ ಸೇರಿದ ಗಾಡಿಗಳು ಎಷ್ಟೋ ಇದ್ದಾವು. ನಿಶ್ಚಿತವಾದ ಹಸಿವಿಗೂ ಅನಿಶ್ಚಿತವಾದ ಸಾವಿಗೂ ತೂಕ ಹಾಕುವ ತಕ್ಕಡಿ ಎಲ್ಲಿದೆ? ಅದೂ ಹಸಿದವರೂ ಸಾಯಬಹುದಾದವರೂ ಅದೇ ಹನ್ನೊಂದು ಮಂದಿಯಾಗಿರುವಾಗ? ಸರಿಯಾದ ಕೆಲಸ ಮಾಡಿದವನೇ ಅದರ ಬೆಲೆಯನ್ನೂ ತೆರುತ್ತಾನೆಂದು ನೀತಿಕಥೆಗಳಲ್ಲಿ ಓದಿದ್ದೇವೆ. ಇಲ್ಲಿ ಮೇಸ್ತ್ರಿಯ ಸರಿಯನ್ನು ತಮ್ಮ ಸೆರಗಿನ ಗಂಟಿನಿಂದ ತೆತ್ತವರು ಬೇರೆಯವರು.

ಆದರೂ ನಾನು ಮೇಸ್ತ್ರಿಯ ಪಕ್ಷ. ಅದಕ್ಕೆ ಕಾರಣ ಸಾವು ಹಸಿವಿಗಿಂತ ದೊಡ್ಡದು ಎಂಬುದಲ್ಲ. ಹೊಟ್ಟೆ ತುಂಬಿದವರು ಹಾಗೆ ಹೇಳುವುದು ಸುಲಭ. ಕೂಲಿ ಹೋದದ್ದು ಕಣ್ಣಿಗೆ ಕಾಣುವ ನಷ್ಟ. ಯಾರದು, ಎಷ್ಟು, ಯಾರಿಂದ ಎಂದು ಬೆರಳೆಣಿಸಿ ಹೇಳಬಹುದು. ಹೇಳಬಹುದಾದ್ದರಿಂದ ಕೇಳಬಹುದು, ಕೇಳಿದರೆ ತುಂಬಿಕೊಡಲೂಬಹುದು. ಆ ಮುದುಕಿ ನೇರವಾಗಿ ಬಂದು ಕೇಳಿದಳಲ್ಲ! ಉಕ್ಕಿನೊಳಗೆ ಅಡಗಿಸಿಟ್ಟ ಗಾಯದ ಪರವಾಗಿ ಯಾರೂ ಯಾರನ್ನೂ ಹೀಗೆ ಕೇಳಲಾರರು. ಅದು ಹೊರಬೀಳುವ ದಿನ ಅದಕ್ಕೆ ‘ವಿಧಿ’ ಎಂದು ಹೆಸರಿಡುತ್ತಾರೆ. ಎರಡು ಕೇಡುಗಳಲ್ಲಿ ಒಂದನ್ನು ಆರಿಸಲೇಬೇಕಾಗಿ ಬಂದಾಗ, ಎದುರಿಗೆ ನಿಂತು ಲೆಕ್ಕ ಕೇಳಬಲ್ಲ ಕೇಡನ್ನು ಆರಿಸುವುದು ಮೇಲು ಎಂದು ನನಗೆ ತೋರುತ್ತದೆ. ಆದರೆ ಹಾಗೆ ಆರಿಸಿದವನು ಲೆಕ್ಕ ಕೇಳಲು ಬಂದವರಿಗೆ ಬೆನ್ನು ತಿರುಗಿಸುವಂತಿಲ್ಲ. ಮೇಸ್ತ್ರಿಗೆ ಆ ಲೆಕ್ಕ ತೀರಿಸುವ ಶಕ್ತಿಯಿರಲಿಲ್ಲ. ಇಡೀ ಕೆಲಸಕ್ಕೆ ಗುತ್ತಿಗೆ ಮಾತನಾಡಿದ್ದ ಅವನಿಗೆ ಎರಡು ದಿನವಾದರೂ ಅದೇ ಹಣ. ಶಕ್ತಿಯಿದ್ದವರು ಲಾರಿಯ ಯಜಮಾನರು.

ಮರುದಿನವೂ ತೋಳು ಒಡನೆ ಬಿಡಲಿಲ್ಲ. ಪುಲ್ಲರನ್ನು ಮತ್ತೆ ಬಿಗಿದು, ಬಿಗಿತವನ್ನು ಹಾಗೆಯೇ ಇರಿಸಿ, ಮೇಸ್ತ್ರಿ ಹುಡುಗನನ್ನು ಕರೆದ. ತೋಳಿನ ಕಣ್ಣಿನ ಒಂದು ಮಗ್ಗುಲಿಗೆ ಹುಡುಗ ಭಾರವಾದ ಸುತ್ತಿಗೆಯನ್ನು ಒತ್ತಿ ಹಿಡಿದ. ಇನ್ನೊಂದು ಮಗ್ಗುಲಿನಿಂದ ಮೇಸ್ತ್ರಿ ಸುತ್ತಿಗೆಯಿಂದ ಹೊಡೆಯತೊಡಗಿದ. ಹೊಡೆತ ದಂಡದ ತುದಿಗಲ್ಲ, ಅಲ್ಲಿ ಹೊಡೆದರೆ ಪೆಟ್ಟಿಗೆಯೊಳಗಿನ ಹಲ್ಲುಗಳಿಗೆ ಪೆಟ್ಟು. ಹೊಡೆತ ಕಚ್ಚಿದ ಬಳೆಗೆ, ಅಡ್ಡಲಾಗಿ. ಪ್ರತಿ ಏಟಿಗೂ ಆ ದುಂಡನೆಯ ಕಣ್ಣು ಕ್ಷಣಮಾತ್ರ ಅಂಡಾಕಾರಕ್ಕೆ ತಿರುಗಿ ಮರಳುತ್ತದಂತೆ. ಆ ಕ್ಷಣದಲ್ಲಿ ಹಿಡಿತ ತಪ್ಪಿದರೆ, ಕಾದುಕೊಂಡಿರುವ ಪುಲ್ಲರು ಎಳೆದುಕೊಳ್ಳುತ್ತದೆ. ಹೊಡೆಯುತ್ತಾನೆ, ತಿರುಪನ್ನು ಕಾಲುಸುತ್ತು ಬಿಗಿಯುತ್ತಾನೆ, ಎದ್ದು ಬೀಡಿ ಹಚ್ಚುತ್ತಾನೆ. ಬೀಡಿ ಮುಗಿದ ಮೇಲೆ ಮತ್ತೆ. ಈ ಬೀಡಿಯ ಕೆಲಸವೇನೆಂದು ಕೇಳಿದೆ. “ಅದಕ್ಕೂ ಯೋಚ್ನೆ ಮಾಡಕೆ ಟೈಮ್ ಬೇಕಲ್ವಾ ಸಾರ್” ಎಂದ. ಮಧ್ಯಾಹ್ನ ಮೂರರ ಸುಮಾರಿಗೆ, ಯಾರೂ ಹೊಡೆಯದೆ ಇದ್ದಾಗ, ತುಪಾಕಿ ಹಾರಿದಂತೆ ಒಂದು ಸದ್ದಾಯಿತು. ತೋಳು ನಟ್ಟಿನ ಆ ಎರಡು ಸುತ್ತಿಗೆ ಆತು ನಿಂತಿತ್ತು. ಮೇಸ್ತ್ರಿ ಅದನ್ನು ಒರಸಿ, ಸೀಮೆಸುಣ್ಣದ ಪರೀಕ್ಷೆ ಮಾಡಿ, ಗೆರೆಯಿಲ್ಲವೆಂದು ನಮಗೆ ತೋರಿಸಿದ. ತೋರಿಸುವ ಅಗತ್ಯವಿರಲಿಲ್ಲ, ಆದರೂ ತೋರಿಸಿದ.

ಕೂಲಿಯ ವಿಷಯ. ಭಾವನವರು ಕೆಟ್ಟವರಲ್ಲ. ಮೂರನೆಯ ದಿನ ನಾಟಿ ಮುಗಿದ ಸಂಜೆ, ಗಾಡಿ ನಿಂತ ಮೊದಲ ದಿನಕ್ಕೆಂದು ಒಬ್ಬೊಬ್ಬರಿಗೂ ಅರ್ಧ ಕೂಲಿಯನ್ನು ಹೆಚ್ಚಾಗಿಯೇ ಕೊಟ್ಟರು. ಮುದುಕಿ ನೋಟನ್ನು ಎಣಿಸಿ, “ಅರ್ಧ ಯಾಕಪ್ಪ? ಗಾಡೀನ ಅರ್ಧ ಬಿಚ್ಚಿದ್ರಾ?” ಎಂದಳು. ಎಲ್ಲರೂ ನಕ್ಕರು, ಭಾವನವರೂ ನಕ್ಕರು, ನಕ್ಕು ಉಳಿದರ್ಧವನ್ನೂ ಕೊಟ್ಟರು. ಎರಡನೆಯ ದಿನದ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ಆ ದಿನ ಅವರು ಬೇರೆ ಕಡೆ ಕೆಲಸಕ್ಕೆ ಹೋಗಬಹುದಾಗಿತ್ತೆಂದು ಭಾವನವರು. ಬೆಳಿಗ್ಗೆ ಬನ್ನಿರೆಂದು ಹೇಳಿ ಕಾಯಿಸಿದವರು ನೀವೇ ಎಂದು ನಾನು. ಹಬ್ಬಕ್ಕೆ ಮೈಸೂರಿಗೆ ಬಂದಿದ್ದಾಗ ಮತ್ತೆ ಆ ಮಾತು ತೆಗೆದೆ. ಅಕ್ಕ ಒಳಗಿನಿಂದ, “ಅದನ್ನೇ ಅವಳೂ ವಾರವಾರ ಬಂದು ಕೇಳ್ತಾಳೆ” ಎಂದಳು.